ಕೆಂಪು ಬಾವುಟಕ್ಕೆ ಪತ್ರೊಡೆ

ಎತ್ತರಮನೆ, ಕೆಳಕೋಡಿ
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ಏಳನೆಯ ತಿಂಗಳು, ಅರವತ್ತೊಂದನೆಯ ತಾರೀಕು, ಮಧ್ಯಾಹ್ನ

ನಮ್ಮ ಮುತ್ತಜ್ಜಿಯ ಮುತ್ತಜ್ಜಿಯರೇ, ಮುತ್ತಜ್ಜಂದಿರೇ,

ತಾರೀಕು ನೋಡಿ ಹುಬ್ಬೇರಿಸಬೇಡಿ, ಕೈ ತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೂ ಅಲ್ಲ, ಮೂವತ್ತಕ್ಕೂ ಅಲ್ಲ. ಒಂದು ಬಿರುಗಾಳಿ ಬಂದು ಹೋದರೆ ತಿಂಗಳು ಮುಚ್ಚಿತು ಎನ್ನುತ್ತೇವೆ. ಮರುದಿನ ಒಂದನೆಯ ತಾರೀಕು. ಹತ್ತೊಂಬತ್ತು ದಿನಕ್ಕೆ ಮುಚ್ಚಿದ ತಿಂಗಳೂ ಉಂಟು, ತೊಂಬತ್ತು ದಿನ ಎಳೆದ ತಿಂಗಳೂ ಉಂಟು. ಈ ತಿಂಗಳು ಅರವತ್ತೊಂದು ದಿನ ನಡೆದು ಈಗ ನನ್ನ ತಲೆಯ ಮೇಲೆಯೇ ಮುಚ್ಚುತ್ತಿದೆ, ಹೆಂಚು ಗಡಗಡ ಎನ್ನುತ್ತಿದೆ. ನಾನು ಬರೆಯುತ್ತಿರುವುದು ನಿಮ್ಮ ಕಾಲದ ಅಚ್ಚಿನ ಕನ್ನಡ, ಹಳೆಯ ಪುಸ್ತಕ ಓದಿ ಕಲಿತದ್ದು. ನಡುವೆ ನಿಮಗೆ ಗೊತ್ತಿಲ್ಲದ ನಮ್ಮ ಮಾತುಗಳು ನುಸುಳಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೇ. ಉಳಿದದ್ದಕ್ಕೆ ಕೇಳಬೇಕಾದವರು ನೀವು.

ನನ್ನ ಹೆಸರು ಮೂಕಾಂಬು. ಊರಿಗೆ ನಾನು ಗಾಳಿಗಾರ್ತಿ, ಅಂದರೆ ಬಿರುಗಾಳಿಯ ಸುದ್ದಿ ಓದಿ ಊರಿಗೆ ತಿಳಿಸುವವಳು. ಹವಾಮಾನದ ದೊಡ್ಡ ಕೇಂದ್ರದಿಂದ ರೇಡಿಯೋದಲ್ಲಿ ಸುದ್ದಿ ಬರುತ್ತದೆ. ಅದನ್ನು ಬರೆದುಕೊಂಡು ಗುಡ್ಡದ ಮೇಲಿನ ಬಣ್ಣಗಂಬಕ್ಕೆ ಹಳದಿ, ಕಿತ್ತಳೆ, ಕೆಂಪು, ಈ ಮೂರರಲ್ಲಿ ಒಂದು ಬಾವುಟ ಏರಿಸುವುದು ನನ್ನ ಕೆಲಸ. ಇಷ್ಟು ವರ್ಷ ಕಳೆದ ಮೇಲೂ ಬಟ್ಟೆಯ ಬಾವುಟವೇ ಎಂದು ನಗಬೇಡಿ. ಗಾಳಿ ಎದ್ದರೆ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಫೋನು. ಬಟ್ಟೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಹದಿನಾಲ್ಕು ವರ್ಷ ಈ ಹಗ್ಗ ಎಳೆದಿದ್ದೇನೆ, ಇವತ್ತು ಬಿಡುತ್ತಿದ್ದೇನೆ. ಕೆಲಸ ಬಿಡುವ ಗಾಳಿಗಾರ್ತಿ ಎರಡು ಕಾಗದ ಬರೆಯಬೇಕು ಎಂಬುದು ನಮ್ಮ ಪದ್ಧತಿ: ಮುಂದೆ ಬರುವವಳಿಗೆ ಒಂದು, ಹಿಂದೆ ಹೋದವರಿಗೆ ಒಂದು. ಮುಂದಿನವಳ ಕಾಗದವನ್ನು ಓದುತ್ತಾರೆ. ಹಿಂದಿನವರದ್ದನ್ನು ಡಬ್ಬಿಯಲ್ಲಿ ಹಾಕಿ, ಎತ್ತರಮನೆಯ ಮುರಕಲ್ಲಿನ ಗೋಡೆಯ ಸಂದಿಯಲ್ಲಿ ತುರುಕಿ ಮರೆತುಬಿಡುತ್ತಾರೆ. ಅದು ನಿಮಗೆ ಹೇಗೆ ತಲುಪುತ್ತದೆಯೋ ನನಗೆ ಗೊತ್ತಿಲ್ಲ. ತಲುಪದಿದ್ದರೂ ಸರಿ, ಬರೆದರೆ ನನ್ನ ಹೊಟ್ಟೆಯುರಿಯಾದರೂ ಸ್ವಲ್ಪ ತಣ್ಣಗಾಗುತ್ತದೆ.

ನಮ್ಮ ಊರು ನಿಮಗೆ ಕಾಣಲಿ ಎಂದು ನಾಲ್ಕು ಮಾತು ಹೇಳುತ್ತೇನೆ. ಕೆಳಕೋಡಿ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳು; ಅದರ ಮೇಲೆ ಇನ್ನೂರ ಹನ್ನೆರಡು ಜನ. ಮನೆಗಳು ಆಳೆತ್ತರದ ಮುರಕಲ್ಲಿನ ಕಂಬಗಳ ಮೇಲೆ ನಿಂತಿವೆ, ಮಾಡಿನ ಮೇಲೆ ಹಳೆಯ ಮೀನುಬಲೆ ಹೊದೆಸಿ ನಾಲ್ಕು ಮೂಲೆಗೆ ಕಟ್ಟಿರುತ್ತೇವೆ. ಬಾವಿಗಳು ನನ್ನ ಅಜ್ಜಿಯ ಕಾಲಕ್ಕೇ ಉಪ್ಪಾದವು. ಕುಡಿಯುವುದು ತೊಟ್ಟಿಯಲ್ಲಿ ಹಿಡಿದ ಮಳೆನೀರು. ತೆಂಗಿನ ಗಿಡವನ್ನು ಮನೆಯಿಂದ ಒಂದು ಮರದುದ್ದ ದೂರ ಬಿಟ್ಟೇ ನೆಡಬೇಕು ಎಂಬ ಕಾನೂನಿದೆ. ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಹೊರಡುಚೀಲ ನೇತಾಡುತ್ತಿರುತ್ತದೆ: ಅದರಲ್ಲಿ ಅವಲಕ್ಕಿ, ಬೆಲ್ಲ, ಟಾರ್ಚು, ಜ್ವರದ ಮಾತ್ರೆ, ಮನೆಯ ಕಾಗದಪತ್ರ. ಗುಡ್ಡದ ಮೇಲೆ ಎತ್ತರಮನೆ ಇದೆ, ಇಡೀ ಊರು ಹಿಡಿಸುವಷ್ಟು ದೊಡ್ಡದು, ದಪ್ಪ ಗೋಡೆ, ಒಂದೇ ಕಿಟಕಿ. ಮನೆ ಬಿಟ್ಟು ಬರುವವರು ತಮ್ಮ ಬಾಗಿಲನ್ನು ತಿರುಗಣೆಯಿಂದ ಕಳಚಿ ಹೊತ್ತು ತರಬೇಕು. ಬಾಗಿಲಿಲ್ಲದ ಮನೆ ಎಂದರೆ ಒಳಗೆ ಯಾರೂ ಇಲ್ಲ. ಹುಡುಕಲು ಹೋಗುವವರು ಬಾಗಿಲಿರುವ ಮನೆಗಷ್ಟೇ ಹೋದರೆ ಸಾಕು. ಆ ಬಾಗಿಲುಗಳನ್ನೇ ಇಲ್ಲಿ ನೆಲಕ್ಕೆ ಹಾಸಿ ಮಲಗುತ್ತಾರೆ. ಇಷ್ಟೆಲ್ಲ ಬುದ್ಧಿ ಇರುವ ಊರು ನಮ್ಮದು, ಆದರೂ ಕೆಂಪು ಬಾವುಟ ಏರಿದ ದಿನ ಹತ್ತಿರ ಹತ್ತಿರ ಕಾಲು ಊರು ಕಡಲ ಬುಡದ ಒಂದು ಮನೆಯಲ್ಲಿ ಸೇರಿ ಪತ್ರೊಡೆ ತಿನ್ನುತ್ತದೆ.

ಹೌದು, ಸರಿಯಾಗಿಯೇ ಓದಿದಿರಿ, ಪತ್ರೊಡೆ. ಇದಕ್ಕೆ ಕೆಂಪೂಟ ಎನ್ನುತ್ತಾರೆ. ಕಂಬಕ್ಕೆ ಹಳದಿ ಏರಿದರೆ ಹೆಂಗಸರು ಕೆಸುವಿನ ಎಲೆ ಕೊಯ್ಯಲು ಹೊರಡುತ್ತಾರೆ. ಕಿತ್ತಳೆ ಏರಿದರೆ ಅಕ್ಕಿ ನೆನೆಹಾಕುತ್ತಾರೆ. ಕೆಂಪು ಏರಿತೋ, ಅರೆದ ಹಿಟ್ಟು ಎಲೆಗೆ ಸವರಿ, ಸುರುಳಿ ಸುತ್ತಿ, ಹಂಡೆಗೆ ಇಟ್ಟು ಬೇಯಿಸುತ್ತಾರೆ. ನೆಂಟರಿಷ್ಟರೆಲ್ಲ ಒಂದೇ ಜಗಲಿಯಲ್ಲಿ ಕೂತು, ಹೊರಗೆ ಗಾಳಿ ಅರಚುವುದನ್ನು ನೋಡುತ್ತಾ ತಿನ್ನುತ್ತಾರೆ. ಬಾವುಟ ನೋಡಿ ಪ್ರಾಣ ಉಳಿಸಿಕೊಳ್ಳಿ ಎಂದರೆ ಬಾವುಟ ನೋಡಿ ಅಡುಗೆ ಮಾಡುವ ಜನ! ಈ ಊಟ ತಲೆತಲಾಂತರದಿಂದ ನಡೆದುಬಂದ ಮನೆ ನನ್ನ ಅಕ್ಕ ನೀಲಕ್ಕನದ್ದು. ಊರಲ್ಲೇ ದೊಡ್ಡ ಜಗಲಿ ಅವಳದ್ದು, ಊರಲ್ಲೇ ತಗ್ಗಿನ ಮನೆಯೂ ಅವಳದ್ದೇ. ಮೊನ್ನೆ ಹಳದಿ ಏರಿಸಿದ ಹೊತ್ತಿಗೆ ಅವಳು ನಲವತ್ಮೂರು ಜನಕ್ಕೆ ಹೇಳಿಕಳಿಸಿಯಾಗಿತ್ತು. ಬರುತ್ತಿದ್ದ ಗಾಳಿ ಅಂಥಿಂಥದ್ದಲ್ಲ. ಎರಡಾಳೆತ್ತರದ ನೀರು ನುಗ್ಗುತ್ತದೆ ಎಂದು ಕೇಂದ್ರ ಹೇಳಿತ್ತು. ನೀಲಕ್ಕನನ್ನೂ ಆ ನಲವತ್ಮೂರು ಜನರನ್ನೂ ಗುಡ್ಡ ಹತ್ತಿಸಲು ನನಗಿದ್ದದ್ದು ಎರಡೇ ದಿನ.

ಈ ಹುಚ್ಚು ಎಲ್ಲಿಂದ ಬಂತು ಎಂದು ಬಹಳ ವರ್ಷ ತಲೆ ಕೆಡಿಸಿಕೊಂಡಿದ್ದೆ. ನಮ್ಮಲ್ಲಿ ಮಾತಿನಪೆಟ್ಟಿಗೆ ಎಂಬುದೊಂದಿದೆ. ನಿಮ್ಮ ಕಾಲದ ಫೋನುಗಳಲ್ಲಿ ನೀವು ಒಬ್ಬರಿಗೊಬ್ಬರು ಕಳಿಸಿಕೊಂಡ ಸಂದೇಶಗಳನ್ನೆಲ್ಲ ಅದರಲ್ಲಿ ಕೂಡಿಟ್ಟಿದ್ದಾರೆ. ಈ ತಿಂಗಳಿಡೀ ಕೂತು ಅದನ್ನು ಓದಿದೆ. ನಿಮ್ಮ ಕಾಲದಲ್ಲಿ ರೆಡ್ ಅಲರ್ಟ್ ಬಂದ ಒಂದೊಂದು ದಿನವನ್ನೂ ಹುಡುಕಿ ತೆಗೆದೆ. ಗಾಳಿಯ ವೇಗವೆಷ್ಟು, ಎಷ್ಟು ಹೊತ್ತಿಗೆ ಬರುತ್ತದೆ, ತಗ್ಗಿನಲ್ಲಿರುವವರು ಎಲ್ಲಿಗೆ ಹೋಗಬೇಕು, ಇಂಥ ಪ್ರಶ್ನೆಗಳಿರುತ್ತವೆ ಅಂದುಕೊಂಡಿದ್ದೆ. ಅಯ್ಯೋ ನನ್ನ ಪುಣ್ಯಾತ್ಮರೇ! ನೂರಕ್ಕೆ ತೊಂಬತ್ತು ಸಂದೇಶ ಒಂದೇ: "ಹೋಯ್, ನಾಳೆ ರಜೆ ಇತ್ತಾ?" ಅದಕ್ಕೆ ಉತ್ತರ: "ಡಿಸಿ ಇನ್ನೂ ಹೇಳ್ಲಿಲ್ಲ ಮಾರಾಯ್ರೆ." ಅರ್ಧ ಗಂಟೆ ಬಿಟ್ಟು: "ರಜೆ ಕೊಟ್ರ್! ಕೊಟ್ರ್!" ಅದರ ಹಿಂದೆಯೇ ಕುಣಿಯುವ ಚಿತ್ರ, ಚಪ್ಪಾಳೆಯ ಚಿತ್ರ. ಆಮೇಲೆ ಯಾರೋ ಒಬ್ಬ ಹೆಂಗಸು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ: "ರೆಡ್ ಅಲರ್ಟ್ ಅಂಬ್ರ್, ಮಕ್ಳಿಗೆ ರಜೆ. ಎಲ್ಲ ನಮ್ಮನಿಗ್ ಬನ್ನಿ, ಪತ್ರೊಡೆ ಮಾಡ್ತೆ."

ಸಿಕ್ಕಿತಲ್ಲ! ಸಂದೇಶದ ಕೆಳಗೆ ಅವಳ ಮನೆಯ ಗುರುತೂ ಇತ್ತು: ಹೊಳೆಬಾಗಿಲ ಹತ್ತಿರ, ಕಡಲಿಗೆ ಕೊನೆಯ ಮನೆ. ಈಗ ನೀಲಕ್ಕನ ಮನೆ ಇರುವ ಜಾಗವೇ. ಪೆಟ್ಟಿಗೆ ಮುಚ್ಚಿ ಹಣೆ ಚಚ್ಚಿಕೊಂಡೆ. ಮಕ್ಕಳು ಮನೆಯಲ್ಲಿ ಬೆಚ್ಚಗೆ ಇರಲಿ ಎಂದು ಕೊಟ್ಟ ರಜೆಯನ್ನು ನೀವು ಹಬ್ಬ ಮಾಡಿಕೊಂಡಿರಿ. ರಜೆ ಕೊಟ್ಟದ್ದು ಏತಕ್ಕೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ರಜೆ ಸಿಕ್ಕಿತು ಎಂದು ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತೆರೆ ನೋಡಲು ಕಡಲ ಬದಿಗೇ ಹೋದವರಿದ್ದಾರೆ! ತೆರೆಗೆ ಬೆನ್ನು ಹಾಕಿ ನಿಂತು ತಮ್ಮ ಪಟ ತಾವೇ ತೆಗೆದುಕೊಂಡವರಿದ್ದಾರೆ. ಆ ಪಟಗಳೂ ಪೆಟ್ಟಿಗೆಯಲ್ಲಿವೆ. ನಗುಮುಖ, ಹಲ್ಲು ಕಾಣುತ್ತಿದೆ. ಹಿಂದೆ ಮನೆಯೆತ್ತರದ ನೀರು ಏಳುತ್ತಿದೆ. ಎಷ್ಟು ಹೊತ್ತು ನೋಡಿದರೂ ನನಗೆ ಅರ್ಥವಾಗಲಿಲ್ಲ, ನಿಮಗೆ ಭಯ ಎಂಬುದು ಹುಟ್ಟಲೇ ಇಲ್ಲವೋ ಅಥವಾ ಯಾರಾದರೂ ಕಿತ್ತುಕೊಂಡರೋ.

ಇನ್ನೊಂದು ಬಗೆಯ ಸಂದೇಶವಿದೆ, ಅದನ್ನು ಓದಿದಾಗಲಂತೂ ಮೈಯೆಲ್ಲ ಉರಿಯಿತು. ಬಿರುಗಾಳಿ ಬರುತ್ತದೆ ಎಂದು ಹೇಳಿದ್ದರು, ಅದು ನಡುಗಡಲಲ್ಲೇ ದಿಕ್ಕು ಬದಲಿಸಿ ಬೇರೆಲ್ಲಿಗೋ ಹೋಯಿತು. ನಿಮ್ಮವರು ಬರೆದರು: "ಎಂತ ಹವಾಮಾನದೋರೋ! ಬತ್ತ್ ಬತ್ತ್ ಅಂದ್ರ್, ಒಂದ್ ಸೋಗೆ ಸಮೇತ ಬೀಳ್ಲಿಲ್ಲ." ಅಲ್ಲ ಸ್ವಾಮಿ, ಬೀಳಲಿಲ್ಲವೆಂದು ನಿಮಗೆ ಬೇಜಾರೇ? ಮನೆ ಉಳಿಯಿತು, ಮಕ್ಕಳು ಉಳಿದರು, ಅದಕ್ಕೆ ಯಾರ ಮೇಲೆ ದೂರು? ಬಿರುಗಾಳಿಗೆ ನೀವು ಕೊಟ್ಟ ದಾರಿಯಲ್ಲೇ ನಡೆಯಬೇಕೆಂಬ ಹರಕೆಯಿಲ್ಲ. ಬರಬಹುದು ಎಂದರೆ ಬರಬಹುದು ಎಂದೇ ಅರ್ಥ. ಕೊಡೆ ಹಿಡಿದು ಹೋದ ದಿನ ಮಳೆ ಬಾರದಿದ್ದರೆ ಕೊಡೆಯನ್ನು ಯಾರೂ ಬಯ್ಯುವುದಿಲ್ಲ. ಆದರೆ ಪ್ರತಿ ಸಲ ಹೀಗೆ ನಕ್ಕು ನಕ್ಕು ನೀವು ಏನು ಮಾಡಿದಿರಿ ಗೊತ್ತೇ? ಸುದ್ದಿ ಕೊಡುವವರ ಮಾತಿನ ತೂಕ ಒಂದೊಂದೇ ಚಮಚ ಇಳಿಸಿದಿರಿ. ಅತ್ತ ಟೀವಿಯವರು, ಮೊಣಕಾಲು ನೀರಿನಲ್ಲಿ ನಿಂತು ಸಣ್ಣ ಮಳೆಗೂ ಪ್ರಳಯ ಬಂದವರ ಹಾಗೆ ಕಿರುಚಿ ಉಳಿದ ತೂಕವನ್ನೂ ಇಳಿಸಿದರು. ಯಾವುದೋ ದೇಶದ ಯಾವುದೋ ವರ್ಷದ ಗಾಳಿಯ ವಿಡಿಯೋವನ್ನು ನಮ್ಮೂರಿನದೆಂದು ಹತ್ತು ಜನಕ್ಕೆ ಕಳಿಸಿದವರನ್ನು ನಾನು ಹೆಸರು ಹೆಸರು ಹಿಡಿದು ಬಯ್ದಿದ್ದೇನೆ, ಅವರಿಗೆ ಕೇಳಿಸಿರಲಾರದು.

ಮೂರು ಬಣ್ಣದ ಅರ್ಥ ಅಷ್ಟು ಕಷ್ಟದ್ದೇ? ನನಗೆ ಆರು ವರ್ಷಕ್ಕೇ ಬಾಯಿಪಾಠವಾಗಿತ್ತು. ಹಳದಿ ಎಂದರೆ ಕಿವಿ ತೆರೆದಿಡು. ಗಾಳಿ ಇನ್ನೂ ದೂರ ಇದೆ, ನಿನಗೆ ಹೊತ್ತಿದೆ. ನೀರು ತುಂಬಿಸಿಕೊ, ಮಾಡಿನ ಸಡಿಲ ಹೆಂಚು ನೋಡು, ಕಾಗದಪತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತು, ಫೋನು ಟಾರ್ಚು ಪೂರ್ತಿ ಚಾರ್ಜ್ ಮಾಡು, ಪಕ್ಕದ ಮನೆಯಲ್ಲಿ ನಡೆಯಲಾಗದವರು ಯಾರಾದರೂ ಇದ್ದಾರೆಯೇ ವಿಚಾರಿಸು. ಕಡಲಿಗೆ ಹೋಗಬೇಡ, ಹೋದವರನ್ನು ಕರೆಸಿಕೊ. ಕಿತ್ತಳೆ ಎಂದರೆ ಕೈಯಲ್ಲಿ ಇನ್ನೊಂದೇ ದಿನ. ದೋಣಿ ಮೇಲೆಳೆದು ಕಟ್ಟು, ದನಕರುಗಳ ಹಗ್ಗ ಬಿಚ್ಚು, ಮುದುಕರನ್ನೂ ಬಸುರಿಯರನ್ನೂ ಬೆಳಕಿರುವಾಗಲೇ ಗುಡ್ಡ ಹತ್ತಿಸು. ಕೆಂಪು ಎಂದರೆ, ಚೆನ್ನಾಗಿ ಕೇಳಿ, ಕೆಂಪು ಎಂದರೆ ಹೊರಡು ಎಂದಲ್ಲ. ಅಷ್ಟರೊಳಗೆ ನೀನು ಹೊರಟಾಗಿರಬೇಕು. ಕೆಂಪು ಕಂಡ ಮೇಲೆ ತೀರಕ್ಕೆ ಯಾರೂ ಕಾಲಿಡಬಾರದು, ದೋಣಿ ಹೋಗುತ್ತಿದ್ದರೂ ಸರಿ. ಕರೆಂಟಿನ ಮೇನ್ ಆರಿಸಿ ಗಟ್ಟಿ ಗೋಡೆಯ ನಡುಕೋಣೆಯಲ್ಲಿ ಕೂರು. ಗಾಳಿ ಇದ್ದಕ್ಕಿದ್ದಂತೆ ನಿಂತು ಬಿಸಿಲು ಬಂದರೆ ಕೈಮುಗಿದು ಹೊರಗೆ ಓಡಬೇಡ, ಅದು ಬಿರುಗಾಳಿಯ ನಟ್ಟನಡು. ಉಳಿದರ್ಧ ಎದುರು ದಿಕ್ಕಿನಿಂದ ಬರುತ್ತದೆ. ಮುಗಿಯಿತು ಎಂದು ಕೇಂದ್ರ ಹೇಳಬೇಕು, ನಿನ್ನ ಮಾವ ಹೇಳಿದರೆ ಸಾಲದು. ಆಮೇಲೂ ಬಿದ್ದ ತಂತಿ ಮುಟ್ಟಬೇಡ, ಕುದಿಸದ ನೀರು ಕುಡಿಯಬೇಡ. ಇಷ್ಟೇ ಇರುವುದು. ಇದರಲ್ಲಿ ಕೆಸುವಿನ ಎಲೆ ಎಲ್ಲಿಂದ ಬಂತು?

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ಐವತ್ತೊಂಬತ್ತನೆಯ ತಾರೀಕು ಹಳದಿ ಏರಿಸಿ ನೇರ ನೀಲಕ್ಕನ ಮನೆಗೆ ಹೋದೆ. ಅವಳು ಹಿತ್ತಿಲಿನಲ್ಲಿ ಎಲೆ ಕೊಯ್ಯುತ್ತಿದ್ದಳು. ಈ ಸಲ ಊಟ ಬೇಡ, ಎಲ್ಲರೂ ಗುಡ್ಡಕ್ಕೆ ಬನ್ನಿ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ನಾನೇನು ಕಮ್ಮಿಯೇ, ಊರಿನವರೆಲ್ಲ ಕೆಂಪೂಟಕ್ಕೆ ಬಳಸುವ ತಾಮ್ರದ ಹಂಡೆಯನ್ನು ಅವಳ ಕೊಟ್ಟಿಗೆಯಿಂದ ಎತ್ತಿ, ಕೈಗಾಡಿಯಲ್ಲಿ ಹಾಕಿಕೊಂಡು ಗುಡ್ಡಕ್ಕೆ ತಂದೆ. ಹಂಡೆ ಇರುವಲ್ಲಿ ಊಟ, ಊಟ ಇರುವಲ್ಲಿ ಜನ, ಹಂಡೆಯ ಹಿಂದೆ ಎಲ್ಲರೂ ಬಂದೇ ಬರುತ್ತಾರೆ ಎಂಬುದು ನನ್ನ ಲೆಕ್ಕ. ಮರುದಿನ ಬೆಳಿಗ್ಗೆ ನೋಡಿದರೆ ಅವಳು ಹೊಳೆಯಾಚೆಯ ಊರಿನಿಂದ ಎರಡು ಹಂಡೆ ತರಿಸಿದ್ದಾಳೆ, ಒಂದರ ಬದಲು ಎರಡು! ಜಗಲಿಯಲ್ಲಿ ಕೂತವರು ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು "ಹಂಡೆ ಕಳ್ಳಿ ಬಂದ್ಲ್, ಲೋಟ ತಟ್ಟೆ ಎಲ್ಲ ಒಳಗಿಡಿ" ಎಂದರು. ನನಗೂ ನಗು ಬರಬೇಕಿತ್ತು, ಬರಲಿಲ್ಲ.

ಅವತ್ತು ಕಿತ್ತಳೆ ಏರಿತ್ತು. ಅಕ್ಕಿ ನೆನೆದಿತ್ತು. ನಾನು ಅಂಗಳದಲ್ಲೇ ನಿಂತು ಕೂಗಾಡಿದೆ: ನಿನಗೆ ಬುದ್ಧಿಗಿದ್ಧಿ ಉಂಟೇ, ಎರಡಾಳು ನೀರು ಬರುತ್ತದೆ, ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿದರೂ ಉಳಿಯುವುದಿಲ್ಲ. ನೀಲಕ್ಕ ಕೂಗಾಡುವವಳಲ್ಲ. ಕೈಯಲ್ಲಿದ್ದ ಎಲೆಯನ್ನು ಬುಟ್ಟಿಗೆ ಹಾಕಿ ನನ್ನ ಮುಖ ನೋಡಿ ಹೇಳಿದಳು:

"ನಮ್ಮನಿಯೋರ್ ಹೋದದ್ ಯಾವ್ ಬಣ್ಣದ್ ದಿನ, ಹೇಳ್? ಕಿತ್ತಳಿ ದಿನ. ಕಿತ್ತಳಿ ಅಂದ್ರೆ ಇನ್ನೂ ಹೊತ್ತಿತ್ತ್ ಅಂದ್ಕಂಡ್ ದೋಣಿ ಕಟ್ಟುಕ್ ಹೋದ್ರ್, ತಿರ್ಗಿ ಬರ್ಲಿಲ್ಲ. ಕೆಂಪ್ ದಿನ ಇಲ್ ಕೂತ್ ಉಂಡೋರ್ ಒಬ್ರೂ ಸಾಯ್ಲಿಲ್ಲ. ಈಗ ನೀನೇ ಹೇಳ್ ಮೂಕಾಂಬು, ನಾನ್ ಯಾವ್ ಬಣ್ಣ ನಂಬುದ್?"

ಜಗಲಿಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಅಂಗಳ ದಾಟಿದೆ. ಗುಡ್ಡಕ್ಕೆ ಹಿಂದಿರುಗಿ ಬಂದೆ.

ಇಲ್ಲಿಯವರೆಗೆ ನಿಮ್ಮನ್ನು ಬಯ್ದದ್ದು ಸಾಕು, ಈಗ ನನ್ನ ಸರದಿ. ಅವಳ ಗಂಡ, ನಮ್ಮ ಶೀನ ಭಾವ, ಹೋದ ತಿಂಗಳನ್ನು ಮುಚ್ಚಿದ ಬಿರುಗಾಳಿಯಲ್ಲಿ ತೀರಿಹೋದ. ಇಡೀ ಕೆಳಕೋಡಿಯಲ್ಲಿ ಬಣ್ಣ ಓದಲು ಬರುತ್ತಿದ್ದ ಮನುಷ್ಯ ಎಂದರೆ ಅವನೊಬ್ಬನೇ. ಕೆಂಪೂಟದ ದಿನ ಹೆಂಡತಿಯ ಮೇಲೆ ಸಿಟ್ಟು ಮಾಡಿ ಒಬ್ಬನೇ ಗುಡ್ಡಕ್ಕೆ ಬಂದು ನನ್ನೊಡನೆ ಅವಲಕ್ಕಿ ತಿನ್ನುತ್ತಿದ್ದ. ಹಳದಿಗೆ ಏನು, ಕಿತ್ತಳೆಗೆ ಏನು ಎಂದು ಗಡಿಯಾರ ಇಟ್ಟು ನಡೆಯುತ್ತಿದ್ದ. ಆ ಸಲ ಮುಂಜಾನೆಯೇ ಕೇಂದ್ರದಿಂದ ನನಗೆ ಕೆಂಪು ಬಂದಿತ್ತು. ನಾನು ಏರಿಸಲಿಲ್ಲ.

ಏಕೆ ಎಂದು ಕೇಳುತ್ತೀರಾ? ಕೆಂಪು ಏರಿದರೆ ಊಟ, ಊಟವಾದರೆ ಎಲ್ಲರೂ ತಗ್ಗಿನ ಮನೆಯಲ್ಲಿ. ಅದಕ್ಕಿಂತ ಹಿಂದಿನ ಕೆಂಪೂಟದಲ್ಲಿ ನೀರು ಜಗಲಿಯ ಮೆಟ್ಟಿಲವರೆಗೆ ಬಂದದ್ದನ್ನು ನಾನು ಗುಡ್ಡದಿಂದ ಕಣ್ಣಾರೆ ನೋಡಿದ್ದೆ. ಅವರು ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟು ನಗುತ್ತಿದ್ದರು. ಕೆಂಪೇ ಇಲ್ಲದಿದ್ದರೆ ಊಟವೂ ಇಲ್ಲ ಎಂದುಕೊಂಡೆ. ಕಂಬದಲ್ಲಿ ಕಿತ್ತಳೆಯನ್ನೇ ಬಿಟ್ಟೆ. ನನ್ನ ಬುದ್ಧಿವಂತಿಕೆಗೆ ನನಗೇ ಹೆಮ್ಮೆ! ಅಂದುಕೊಂಡ ಹಾಗೆಯೇ ಯಾರೂ ಸೇರಲಿಲ್ಲ, ಜನ ತಮ್ಮ ತಮ್ಮ ಮನೆಗಳಲ್ಲೇ ಉಳಿದರು, ಹಲವರು ಗುಡ್ಡಕ್ಕೂ ಬಂದರು. ಶೀನ ಭಾವ ಮಾತ್ರ ಕಂಬ ನೋಡಿದ. ಕಿತ್ತಳೆ ಇದೆ, ದೋಣಿ ಎಳೆದು ಕಟ್ಟಲು ಹೊತ್ತಿದೆ ಎಂದು ತಿಳಿದು ತೀರಕ್ಕಿಳಿದ. ಮೂರನೆಯ ತೆರೆ ಅವನನ್ನೂ ದೋಣಿಯನ್ನೂ ಒಟ್ಟಿಗೆ ಕೊಂಡೊಯ್ದಿತು. ನನ್ನ ಮಾತು ಕೇಳದವರೆಲ್ಲ ಬದುಕಿದರು. ಕೇಳಿದವನೊಬ್ಬ ಸತ್ತ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಅಕ್ಕನ ಪಕ್ಕದಲ್ಲಿ ಕೂತು ಅತ್ತೆ, ಹನ್ನೊಂದು ದಿನ ಅವಳಿಗೆ ಗಂಜಿ ಮಾಡಿ ಕೊಟ್ಟೆ, ಬಿರುಗಾಳಿ ಹೇಳಿದ್ದಕ್ಕಿಂತ ಬೇಗ ಬಂತು ಎಂದು ಊರವರ ಮುಂದೆ ಕೇಂದ್ರದ ಮೇಲೆ ತಪ್ಪು ಹಾಕಿದೆ. ನಿಮ್ಮ ಮಾತಿನಪೆಟ್ಟಿಗೆ ಓದಿದ್ದು ಆಮೇಲೆಯೇ. ಬಯ್ಯಲು ಯಾರಾದರೂ ಬೇಕಿತ್ತು. ಇನ್ನೂರು ವರ್ಷದ ಹಿಂದಿನವರು ತಿರುಗಿ ಮಾತಾಡುವುದಿಲ್ಲ, ಅನುಕೂಲ. ನೀವು ತಪ್ಪು ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮಾಡಿದ್ದೀರಿ, ಬಯ್ದದ್ದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಎಚ್ಚರಿಕೆಯನ್ನು ಹಬ್ಬ ಮಾಡಿದಿರಿ. ಆದರೆ ಎಚ್ಚರಿಕೆಯನ್ನೇ ಸುಳ್ಳು ಮಾಡಿದವಳು ನಾನು.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಕೆಂಪು ಬಂತು. ಏರಿಸಿದೆ. ಗುಡ್ಡದಿಂದ ನೋಡಿದರೆ ನೀಲಕ್ಕನ ಮನೆಯ ಕಡೆಗೆ ಜನ ಸಾಲುಗಟ್ಟಿ ಹೋಗುತ್ತಿದ್ದಾರೆ, ಮಕ್ಕಳಿಗೆ ಹೊಸ ಅಂಗಿ. ಇಳಿದು ಹೋದೆ. ಜಗಲಿ ತುಂಬಿತ್ತು. ಒಲೆಯ ಮೇಲೆ ಎರಡೂ ಹಂಡೆಗಳ ನೀರು ಮರಳುತ್ತಿತ್ತು. ನೀಲಕ್ಕ ಎಲೆಗೆ ಹಿಟ್ಟು ಸವರುತ್ತಿದ್ದಳು. ನಾನು ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಕ್ಕ, ಶೀನ ಭಾವ ಹೋದ್ ದಿನ ಕಿತ್ತಳಿ ಅಲ್ಲ, ಕೆಂಪ್. ಬೆಳಗಾಪತಿಗೇ ಕೆಂಪ್ ಬಂದಿತ್ತ್. ನೀವೆಲ್ಲ ಇಲ್ ಸೇರ್ತ್ರಿ ಅಂದ್ಕಂಡ್ ನಾನೇ ಹಾಕ್ಲಿಲ್ಲ. ಬಣ್ಣ ಸುಳ್ಳ್ ಹೇಳ್ಲಿಲ್ಲ. ನಾನ್ ಹೇಳಿದ್."

ನೀಲಕ್ಕ ಕೈಯಲ್ಲಿದ್ದ ಎಲೆಯನ್ನು ಸುತ್ತಲೂ ಇಲ್ಲ, ಕೆಳಗಿಡಲೂ ಇಲ್ಲ. ಬಯ್ಯಲಿ, ಹೊಡೆಯಲಿ, ಬಿಸಿನೀರು ಎರಚಲಿ, ಏನಾದರೂ ಮಾಡಲಿ ಎಂದು ನಾನು ನಿಂತೇ ಇದ್ದೆ. ಅವಳು ಎದ್ದಳು. ಕೈ ತೊಳೆದುಕೊಂಡಳು, ಸೆರಗಿನಿಂದ ಒರೆಸಿಕೊಂಡಳು. ಒಲೆಯ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ನೀರು ಹಾಕಿದಳು. ನನ್ನ ಕಡೆ ನೋಡದೆ, ಜಗಲಿಯವರಿಗೆ ಹೇಳಿದಳು:

"ಏಳಿ. ಮಕ್ಳನ್ ಎತ್ಕಣಿ. ಅವ್ರ್ ಬಣ್ಣ ಕಂಡೇ ಹೋದದ್ದ್. ಬಣ್ಣ ಸಮಾ ಇದ್ದಿದ್ರೆ ಇವತ್ತ್ ನಮ್ ಸಂಗ್ತಿಗೇ ಇರ್ತಿದ್ರ್."

ಅರ್ಧ ಗಂಟೆಯಲ್ಲಿ ಮನೆ ಖಾಲಿ. ನಡೆಯಲಾಗದ ಇಬ್ಬರು ಅಜ್ಜಿಯರನ್ನು ಕುರ್ಚಿ ಸಮೇತ ಹೊತ್ತು ತಂದರು. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲರೂ ಎತ್ತರಮನೆಯೊಳಗಿದ್ದರು. ನಾನು ಎರಡು ಸಲ ಎಣಿಸಿದೆ. ಹನ್ನೆರಡೂವರೆಗೆ ನೀರು ಬಂತು. ನೀಲಕ್ಕನ ಮನೆಯ ಮಾಡು ಒಮ್ಮೆ ಕಂಡಿತು, ಇನ್ನೊಮ್ಮೆ ನೋಡಿದಾಗ ಅಲ್ಲಿ ಕಂಡದ್ದು ಕಡಲು ಮಾತ್ರ. ಒಂದು ಮಗು ಪತ್ರೊಡೆ ಎಲ್ಲಿ ಎಂದು ಕೇಳಿತು, ಅದರ ತಾಯಿ ಅವಲಕ್ಕಿ ಕೊಟ್ಟಳು.

ಗಾಳಿಗಾರ್ತಿಯ ಕೆಲಸ ಬಿಡುತ್ತೇನೆ ಎಂದು ಊರ ಹಿರಿಯರಿಗೆ ಆಗಲೇ ಹೇಳಿದ್ದೇನೆ. ಸುಳ್ಳು ಏರಿಸಿದ ಕೈಯಿಂದ ಹಗ್ಗ ಕಿತ್ತುಕೊಳ್ಳುವುದೇ ನ್ಯಾಯ, ಅವರು ಬೇಡ ಎನ್ನಲಿಲ್ಲ. ನೀಲಕ್ಕ ಎದುರಿನ ಗೋಡೆಯ ಕಡೆ ಮುಖ ಮಾಡಿ ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಬದುಕಿದ್ದಾಳೆ. ನನ್ನ ಅಕ್ಕ ಬದುಕಿದ್ದಾಳೆ ಎಂದು ನನಗೆ ಸಂತೋಷವಾಗಿದೆ, ಸಂತೋಷವಾಗಿದೆ ಎಂದು ಬಾಯಿಬಿಟ್ಟು ಹೇಳಲು ಇಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನೀವು ಇನ್ನೂ ಬದುಕಿರುವ ಕಾಲದಲ್ಲಿದ್ದೀರಿ, ನಿಮಗೊಂದು ಕೋರಿಕೆ. ನಿಮ್ಮ ಫೋನಿಗೆ ಬಣ್ಣ ಬಂದಾಗ ರಜೆ ಇದೆಯೇ ಎಂದು ಕೇಳುವ ಮೊದಲು ಏನು ಬರುತ್ತಿದೆ, ಎಷ್ಟು ಹೊತ್ತಿಗೆ, ನಾನಿರುವ ಜಾಗ ತಗ್ಗೋ ಎತ್ತರವೋ, ಇಷ್ಟು ಕೇಳಿ. ಬಂದದ್ದನ್ನು ಬಂದ ಹಾಗೆಯೇ ಪಕ್ಕದವರಿಗೆ ಹೇಳಿ. ಹೆದರಿಸಲೆಂದು ಹೆಚ್ಚು ಮಾಡಬೇಡಿ, ಒಳ್ಳೆಯದಕ್ಕೆ ಎಂದು ಕಡಿಮೆಯನ್ನೂ ಮಾಡಬೇಡಿ. ನಾನು ಮಾಡಿದ್ದೂ ಒಳ್ಳೆಯದಕ್ಕೇ.

ಸ್ವಲ್ಪ ಹೊತ್ತಿನ ಹಿಂದೆ ಗಾಳಿ ಪಕ್ಕನೆ ನಿಂತಿತು. ಮಕ್ಕಳು ಬಾಗಿಲ ಕಡೆಗೆ ಓಡಿದರು. ನೀಲಕ್ಕ ಅವರನ್ನು ತಡೆದು, ಬೆಳಗಿನಿಂದ ಮೊದಲ ಸಲ ನನ್ನ ಕಡೆ ತಿರುಗಿ ಕೇಳಿದಳು, "ಮುಗೀತಾ?" 

"ಇಲ್ಲೆ ಅಕ್ಕ, ಇನ್ನೂ ಅರ್ಧ ಇತ್ತ್" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಮಲಗಿದವರನ್ನು ದಾಟಿಕೊಂಡು, ಕಿಟಕಿಯವರೆಗೆ ಹೋಗಿ ಕಡಲನ್ನು ತಾನೇ ನೋಡಿ ಬಂದಳು.

ಮೂಕಾಂಬು
ಇವತ್ತಿನವರೆಗೆ ಕೆಳಕೋಡಿಯ ಗಾಳಿಗಾರ್ತಿ